ಫೆಬ್ರವರಿ ಮುಗಿಯಿತು, ಪೆಟ್ಟಿಗೆಗಳು ಇನ್ನೂ ನೆಲಮಾಳಿಗೆಯಲ್ಲೇ ಇವೆ

ನಮ್ಮ ಊರಿನ ಸಾರ್ವಜನಿಕ ಟಿ.ವಿ. ಮತ್ತು ರೇಡಿಯೊ ಕೇಂದ್ರದ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಮಾರ್ಚ್ ಮೊದಲ ವಾರ ನಿಮ್ಮ ಕಚೇರಿಗೆ ನಾನೇ ಬಂದು ಕೊಟ್ಟಿದ್ದೇನೆ. ಇವತ್ತಿಗೂ ಉತ್ತರ ಬಂದಿಲ್ಲ. ಹಾಗಾಗಿ ಅದೇ ಮಾತನ್ನು ಈಗ ಕನ್ನಡದಲ್ಲಿ, ನಾಲ್ಕು ಜನಕ್ಕೆ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದೋಕೆ ಬರೋದಿಲ್ಲ, ಗೊತ್ತು. ಆದರೆ ಅಮೆರಿಕದ ಈ ಊರಿನಲ್ಲಿ ನಿಮಗೆ ವರ್ಷ ವರ್ಷ ಚಂದಾ ಕೊಡುವ ಕನ್ನಡದ ಮನೆಗಳು ಸಾಕಷ್ಟಿವೆ. ಚಂದಾ ಕೊಟ್ಟವರಿಗೆ ನೀವು ಕೊಡುವ ನಿಮ್ಮ ಹೆಸರಿನ ಕೈಚೀಲ ಹಿಡಿದುಕೊಂಡು ತರಕಾರಿಗೆ ಹೋಗುವವರು ನಾವು. ನಮ್ಮ ದುಡ್ಡು ಎಲ್ಲಿಗೆ ಹೋಗುತ್ತಿದೆ, ಈ ಊರಿನ ಕಪ್ಪು ಜನರ ಹಳೆಯ ಟೇಪುಗಳು ನಿಮ್ಮ ನೆಲಮಾಳಿಗೆಯಲ್ಲಿ ಹೇಗೆ ಕೊಳೆಯುತ್ತಿವೆ ಅಂತ ಅವರಿಗೂ ಗೊತ್ತಾಗಲಿ.

ನಾನು ಮೈಸೂರಿನವನು. ರೇಡಿಯೊ ಅಂದರೆ ನಮಗೆ ಸ್ವಲ್ಪ ಜಾಸ್ತಿಯೇ ಅಕ್ಕರೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಪ್ರೊಫೆಸರು ನಮ್ಮೂರಲ್ಲಿ ಸ್ವಂತ ಆಸಕ್ತಿಯಿಂದ ಒಂದು ರೇಡಿಯೊ ಕೇಂದ್ರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಆಮೇಲೆ ಅದೇ ಹೆಸರು ಇಡೀ ದೇಶದ ರೇಡಿಯೊಗೆ ಬಂತು. ರೇಡಿಯೊ ಊರಿನ ಜನರದ್ದು ಅನ್ನುವ ಭಾವನೆ ನನಗೆ ಚಿಕ್ಕಂದಿನಿಂದಲೇ ಬಂದದ್ದು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಮಾತಾಡೋಕೆ ಯಾರೂ ಇರಲಿಲ್ಲ. ಆಗ ಜೊತೆಗಿದ್ದದ್ದು ನಿಮ್ಮ ರೇಡಿಯೊ. ಶನಿವಾರ ರಾತ್ರಿ ಬ್ಲೂಸ್ ಮತ್ತು ಜಾಜ್ ಹಾಕುತ್ತಿದ್ದ ಒಬ್ಬ ಹಿರಿಯರಿದ್ದರು. ಒಂದು ಹಾಡು ಹಾಕೋಕೆ ಮುಂಚೆ ಐದು ನಿಮಿಷ ಮಾತಾಡುತ್ತಿದ್ದರು. ಈ ಹಾಡುಗಾರ ಯಾವ ಬೀದಿಯಲ್ಲಿ ಇದ್ದ, ಯಾವ ಕಾರ್ಖಾನೆಯಲ್ಲಿ ದುಡಿದ, ಯಾವ ಕ್ಲಬ್ಬಿನಲ್ಲಿ ಅವನಿಗೆ ಮುಂಬಾಗಿಲಿನಿಂದ ಬಿಡುತ್ತಿರಲಿಲ್ಲ, ಎಲ್ಲ. ಈ ಊರಿನ ನಕ್ಷೆಯನ್ನು ನಾನು ಕಲಿತದ್ದು ಅವರಿಂದ. ಅವರು ನಿವೃತ್ತರಾದರು. ಅವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಈಗ ಆ ಹೊತ್ತಿಗೆ ಎಲ್ಲಿಂದಲೋ ಬರುವ ಮಾತುಕತೆಯ ಮರುಪ್ರಸಾರ.

ಇದನ್ನು ಸಣ್ಣ ವಿಷಯ ಅಂದುಕೊಂಡು ಸುಮ್ನಿದ್ದೆ. ಆ ನೆಲಮಾಳಿಗೆಗೆ ಇಳಿಯುವ ತನಕ.

ಕಳೆದ ಅಕ್ಟೋಬರ್‌ನಲ್ಲಿ ನಿಮ್ಮಲ್ಲಿ ನೀರಿನ ಪೈಪು ಒಡೆಯಿತು. ಚಂದಾ ಎತ್ತುವ ವಾರದಲ್ಲಿ ಫೋನ್ ಹಿಡಿಯೋಕೆ ಬರುವ ನಮ್ಮಂಥವರನ್ನೇ ಪೆಟ್ಟಿಗೆ ಎತ್ತಿಡೋಕೂ ಕರೆದಿರಿ. ನಾನು ಮತ್ತು ಒಬ್ಬ ಕಾಲೇಜು ಹುಡುಗ ಎರಡು ಗಂಟೆ ಹೊತ್ತೆವು. ಬಾಯ್ಲರ್ ಪಕ್ಕದ ಗೋಡೆಗೆ ಒತ್ತಿ ರಟ್ಟಿನ ಪೆಟ್ಟಿಗೆಗಳು ಇದ್ದವು. ಕೆಳಗಿನ ಸಾಲು ನೀರು ಕುಡಿದು ಮೆತ್ತಗಾಗಿತ್ತು. ಒಂದನ್ನು ಎತ್ತಿದೆ. ತಳ ಕಳಚಿ ಒಳಗಿನದೆಲ್ಲ ಕಾಲ ಮೇಲೆ ಬಿತ್ತು. ದಪ್ಪ ಪುಸ್ತಕದಷ್ಟು ದೊಡ್ಡ ಕ್ಯಾಸೆಟ್‌ಗಳು. ಮುಕ್ಕಾಲು ಇಂಚಿನ ಯು-ಮ್ಯಾಟಿಕ್ ಅಂತ ಆಮೇಲೆ ಗೊತ್ತಾಯಿತು. ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನ ಬರಹ. ಶಾಲಾ ಮಂಡಳಿ ಚರ್ಚೆ, 1973. ಕಾರ್ಖಾನೆ ಗೇಟ್, ಮುಷ್ಕರ. ಕ್ಷೌರದಂಗಡಿ, ಮಾತುಕತೆ. ಚರ್ಚಿನ ಮೇಳ, ಈಸ್ಟರ್, 1974. ಇನ್ನೊಂದು ಪೆಟ್ಟಿಗೆಯಲ್ಲಿ ಫಿಲ್ಮ್ ಡಬ್ಬಿಗಳು. ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಫಿಲ್ಮ್ ಕೊಳೆಯೋಕೆ ಶುರುವಾದಾಗ ಬರುವ ವಾಸನೆ ಅದು.

ಅದು ನಿಮ್ಮ ಕೇಂದ್ರವೇ 70ರ ದಶಕದಲ್ಲಿ ಮಾಡಿದ ಕಾರ್ಯಕ್ರಮ. ಈ ಊರಿನ ಕಪ್ಪು ಜನ ಈ ಊರಿನ ಕಪ್ಪು ಜನಕ್ಕಾಗಿ ಮಾಡಿದ್ದು. ಅಂಥದ್ದೊಂದು ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ನಿಮ್ಮ ಈಗಿನ ಸಿಬ್ಬಂದಿಯಲ್ಲೂ ಇಬ್ಬರಿಗೆ ಗೊತ್ತಿರಲಿಲ್ಲ. ಎಲ್ಲಿಡೋದು ಅಂತ ಕೇಳಿದೆ. ಒಣಗಿದ ಮೂಲೆ ನೋಡಿ ಇಟ್ಟುಬಿಡಿ ಅಂದರು. ಇಟ್ಟೆವು. ಅದೇ ನೆಲಮಾಳಿಗೆಯ ಇನ್ನೊಂದು ಮೂಲೆ.

ಮನೆಗೆ ಬಂದು ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. ಎಂಬತ್ತು ದಾಟಿದವರು. ಹುಟ್ಟಿದ್ದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ. ಅಪ್ಪನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಇಡೀ ಮನೆ ಉತ್ತರಕ್ಕೆ ಬಂತು. ನಮ್ಮ ಮಗಳು ಚಿಕ್ಕವಳಿದ್ದಾಗ ಅರ್ಧ ದಿನ ಅವರ ಅಡುಗೆಮನೆಯಲ್ಲೇ ಇರುತ್ತಿದ್ದಳು. 1974ರ ಈಸ್ಟರ್ ಅಂದ ಕೂಡಲೇ ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆ ಮೇಳದಲ್ಲಿ ಎರಡನೇ ಸಾಲಿನಲ್ಲಿ ಅವರಿದ್ದರಂತೆ. ಮುಂದಿನ ಸಾಲಿನಲ್ಲಿ ಅವರ ಅಮ್ಮ. "ಅಮ್ಮನ ಫೋಟೊ ಬೇಕಾದಷ್ಟಿವೆ. ದನಿ ಮಾತ್ರ ಯಾರ ಹತ್ತಿರವೂ ಇಲ್ಲ" ಅಂದರು.

ನಿಮಗೆ ಫೋನ್ ಮಾಡಿದೆ. ಆ ಕ್ಯಾಸೆಟ್ ಓಡಿಸುವ ಯಂತ್ರ ಈಗ ಇಲ್ಲ ಅಂದರು. ಇಮೇಲ್ ಹಾಕಿದೆ. ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತಂದಿದ್ದೇವೆ ಅಂತ ಒಂದು ಸಾಲು ಬಂತು. ನವೆಂಬರ್‌ನಲ್ಲಿ ಇನ್ನೊಂದು ಸಲ ಕೇಳಿದೆ. ಅದೇ ಸಾಲು ಬಂತು, ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ.

ಆಮೇಲೆ ಫೆಬ್ರವರಿ ಬಂತು.

ಈ ಫೆಬ್ರವರಿ ಮಾಮೂಲಿ ಫೆಬ್ರವರಿ ಅಲ್ಲ. 1926ರಲ್ಲಿ ಕಾರ್ಟರ್ ವುಡ್‌ಸನ್ ಅನ್ನುವವರು ಫೆಬ್ರವರಿಯ ಎರಡನೇ ವಾರದಲ್ಲಿ ಕಪ್ಪು ಜನರ ಚರಿತ್ರೆಯ ವಾರ ಶುರು ಮಾಡಿದರು. ಗುಲಾಮರಾಗಿದ್ದ ಅಪ್ಪ ಅಮ್ಮನ ಮಗ. ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದು, 1912ರಲ್ಲಿ ಹಾರ್ವರ್ಡ್‌ನಿಂದ ಚರಿತ್ರೆಯಲ್ಲಿ ಡಾಕ್ಟರೇಟ್ ಪಡೆದವರು. ಆ ವಾರವನ್ನೇ ಆರಿಸಿದ್ದು ಯಾಕೆಂದರೆ ಲಿಂಕನ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡೆರಿಕ್ ಡಗ್ಲಸ್ ಹುಟ್ಟುಹಬ್ಬಗಳನ್ನು ಜನ ಆಗಲೇ ಆಚರಿಸುತ್ತಿದ್ದರು. 1976ರಲ್ಲಿ ವಾರ ತಿಂಗಳಾಯಿತು. ಈ ವರ್ಷಕ್ಕೆ ನೂರು ತುಂಬಿತು. ವುಡ್‌ಸನ್ ಮನಸ್ಸಿನಲ್ಲಿ ಇದ್ದದ್ದು ವರ್ಷವಿಡೀ ಕಲಿತು, ಆ ವಾರ ಕಲಿತದ್ದನ್ನು ಊರಿಗೆ ತೋರಿಸೋದು. ನೀವು ಮಾಡಿದ್ದು ವರ್ಷವಿಡೀ ಸುಮ್ನಿದ್ದು ಒಂದು ತಿಂಗಳು ತೋರಿಸೋದು.

ಅದನ್ನಾದರೂ ಯಾವಾಗ ತೋರಿಸಿದಿರಿ? ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದೆ. ಹೆಚ್ಚಿನವು ರಾತ್ರಿ 11ರ ಮೇಲೆ. ಒಂದು ಒಳ್ಳೆಯ ಸಾಕ್ಷ್ಯಚಿತ್ರ ನಡುರಾತ್ರಿ ಒಂದೂವರೆಗೆ. ಸಂಜೆ ಎಂಟರ ಹೊತ್ತಿಗೆ ಎಂದಿನ ಹಾಗೆ ಬ್ರಿಟಿಷ್ ಬಂಗಲೆಗಳ ಕಥೆ. ನನಗೂ ಆ ಕಥೆಗಳು ಇಷ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಈ ಊರಿನ ಶಾಲೆಗೆ ಹೋಗುವ ಮಕ್ಕಳು ಒಂದೂವರೆಗೆ ಎದ್ದಿರುತ್ತಾರಾ? ಎರಡು ಕಾರ್ಯಕ್ರಮ ಹಿಂದಿನ ವರ್ಷದವೇ, ಅದರ ಹಿಂದಿನ ವರ್ಷದವೇ. ಮಾರ್ಚ್ 1ಕ್ಕೆ ಎಲ್ಲ ಬಂದ್. ಹಬ್ಬ ಮುಗಿದ ಮೇಲೆ ಬೊಂಬೆ ಎತ್ತಿಟ್ಟ ಹಾಗೆ. ನಮ್ಮ ಮೈಸೂರು ಕಡೆ ದಸರಾ ಬೊಂಬೆಯನ್ನಾದರೂ ಹಳೇ ಸೀರೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿ ಇಡುತ್ತೇವೆ.

ಹೊರಗಿನಿಂದ ಬಂದವನು ಪಾಠ ಹೇಳೋಕೆ ಬಂದ ಅಂದುಕೊಳ್ಳಬೇಡಿ. ನಿಮ್ಮ ಮನೆಯ ಚರಿತ್ರೆಯನ್ನೇ ನಾಲ್ಕು ತಿಂಗಳು ಲೈಬ್ರರಿಯಲ್ಲಿ ಕೂತು ಓದಿದ್ದೇನೆ.

ಈ ದೇಶದಲ್ಲಿ ಸಾರ್ವಜನಿಕ ಪ್ರಸಾರದ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು 1967ರ ನವೆಂಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕಪ್ಪು ಜನರ ಸಿಟ್ಟು ಒಡೆದು ಡೆಟ್ರಾಯಿಟ್, ನ್ಯೂವರ್ಕ್ ನಗರಗಳು ಹೊತ್ತಿ ಉರಿದಿದ್ದವು. ಯಾಕೆ ಹೀಗಾಯಿತು ಅಂತ ತನಿಖೆ ಮಾಡಿದ ಕರ್ನರ್ ಆಯೋಗ 1968ರಲ್ಲಿ ವರದಿ ಕೊಟ್ಟಿತು. ಪತ್ರಿಕೆ ಮತ್ತು ಟಿ.ವಿ.ಗಳು ಬಿಳಿಯರ ಕಣ್ಣಿನಿಂದ ಮಾತ್ರ ದೇಶವನ್ನು ನೋಡುತ್ತಿವೆ ಅಂತ ಅದರಲ್ಲಿ ನೇರವಾಗಿಯೇ ಬರೆದಿದ್ದರು. ಆ ವರ್ಷವೇ ಸಾರ್ವಜನಿಕ ಟಿ.ವಿ.ಯಲ್ಲಿ ಕಪ್ಪು ಜನರ ಕಾರ್ಯಕ್ರಮಗಳು ಒಂದರ ಹಿಂದೆ ಒಂದು ಹುಟ್ಟಿದವು. ನ್ಯೂಯಾರ್ಕ್‌ನಿಂದ ದೇಶಕ್ಕೆಲ್ಲ 'ಬ್ಲ್ಯಾಕ್ ಜರ್ನಲ್'. ಅಲ್ಲಿಂದಲೇ 'ಸೋಲ್!'. ಬಾಸ್ಟನ್‌ನಲ್ಲಿ 'ಸೇ ಬ್ರದರ್'.

ಇವು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಉಡುಗೊರೆ ಅಲ್ಲ. 'ಬ್ಲ್ಯಾಕ್ ಜರ್ನಲ್' ಶುರುವಾದದ್ದು 1968ರ ಜೂನ್‌ನಲ್ಲಿ. ಕಪ್ಪು ಜನರದ್ದೇ ಕಾರ್ಯಕ್ರಮ ಅಂತ ಹೇಳಿಕೊಂಡರೂ ಮೇಲಿನ ಕುರ್ಚಿಯಲ್ಲಿ ಇದ್ದದ್ದು ಬಿಳಿಯರು. ಎರಡೇ ತಿಂಗಳಲ್ಲಿ ಕಪ್ಪು ಸಿಬ್ಬಂದಿ ಕೆಲಸ ಬಿಟ್ಟು ಹೊರಗೆ ನಡೆದರು. ಆಮೇಲೆ ಕಪ್ಪು ಚಿತ್ರ ನಿರ್ದೇಶಕ ವಿಲಿಯಂ ಗ್ರೀವ್ಸ್ ಕೈಗೆ ಕಾರ್ಯಕ್ರಮ ಬಂತು. ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಬಾಸ್ಟನ್‌ನಲ್ಲಿ 1970ರಲ್ಲಿ 'ಸೇ ಬ್ರದರ್' ನಿಲ್ಲಿಸಿದಾಗ ಜನ ಸುಮ್ನೆ ಕೂರಲಿಲ್ಲ. ಗಲಾಟೆ ಮಾಡಿ ವಾಪಸ್ ತರಿಸಿದರು.

'ಸೋಲ್!' ಬಗ್ಗೆ ಒಂದು ಮಾತು ಹೇಳಲೇಬೇಕು. ಎಲಿಸ್ ಹೈಸ್ಲಿಪ್ ಅದರ ನಿರ್ಮಾಪಕರು. ಹಾಡು, ಕುಣಿತ, ಕವಿತೆ, ರಾಜಕೀಯ, ಎಲ್ಲ ಒಂದೇ ಗಂಟೆಯಲ್ಲಿ. 1971ರಲ್ಲಿ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಮತ್ತು ಕವಯಿತ್ರಿ ನಿಕ್ಕಿ ಜಿಯೊವಾನಿ ಅವರನ್ನು ಲಂಡನ್‌ನಲ್ಲಿ ಎದುರುಬದುರು ಕೂರಿಸಿ ಮಾತಾಡಿಸಿದರು. ಆತನಿಗೆ 47, ಆಕೆಗೆ 28. ಕಪ್ಪು ಗಂಡಸು ಹೊರಗೆ ಪಟ್ಟ ಅವಮಾನವನ್ನು ಮನೆಗೆ ತಂದು ಹೆಂಗಸಿನ ಮೇಲೆ ಸುರಿಯೋದು ಯಾಕೆ ಅಂತ ಆಕೆ ಪಟ್ಟು ಬಿಡದೆ ಕೇಳುತ್ತಾರೆ. ಇಬ್ಬರ ಕೈಯಲ್ಲೂ ಸಿಗರೇಟು. ಯಾರಿಗೂ ಅವಸರ ಇಲ್ಲ. ಅದನ್ನು ನೋಡುವಾಗ ನನಗೆ ನಮ್ಮ ಕಡೆಯ ಎಷ್ಟೋ ಮನೆಗಳು ನೆನಪಾದವು. ಅಂಥ ಮಾತುಕತೆ ಇವತ್ತು ಯಾವ ಚಾನೆಲ್‌ನಲ್ಲಿ ಸಿಗುತ್ತೆ ಹೇಳಿ? 1973ರಲ್ಲಿ 'ಸೋಲ್!' ನಿಂತಿತು. ದುಡ್ಡು ಬರೋದು ನಿಂತಿತ್ತು.

ಇನ್ನೊಂದು ವಿಷಯ ನಿಮ್ಮ ವಕೀಲರಿಗೆ ಗೊತ್ತಿರುತ್ತೆ. ಅಲಬಾಮಾ ರಾಜ್ಯದ ಸಾರ್ವಜನಿಕ ಟಿ.ವಿ. ಇಂಥ ಕಾರ್ಯಕ್ರಮಗಳನ್ನು ಹಾಕದೆ ಬಿಡುತ್ತಿತ್ತು. ವೀಕ್ಷಕರು ದೂರು ಕೊಟ್ಟರು. 1975ರಲ್ಲಿ ರೇಡಿಯೊ ಟಿ.ವಿ.ಗಳಿಗೆ ಲೈಸೆನ್ಸ್ ಕೊಡುವ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಅವರ ಲೈಸೆನ್ಸ್‌ಗಳನ್ನು ಮುಂದುವರಿಸೋಕೆ ಆಗಲ್ಲ ಅಂತ ತೀರ್ಪು ಕೊಟ್ಟಿತು.

ಹಾಗೆ ದೂರು ಕೊಡುವ ಹಕ್ಕು ವೀಕ್ಷಕರಿಗೆ ಸಿಕ್ಕಿದ ಕಥೆ ನಮ್ಮ ಪಕ್ಕದ ಮನೆ ಅಜ್ಜಿಯ ಊರಿನದು. ಜಾಕ್ಸನ್‌ನ ಡಬ್ಲ್ಯುಎಲ್‌ಬಿಟಿ ಖಾಸಗಿ ಟಿ.ವಿ. ಕೇಂದ್ರ. 1955ರಲ್ಲಿ ಕಪ್ಪು ಜನರ ಹಕ್ಕಿಗಾಗಿ ವಾದಿಸುತ್ತಿದ್ದ ವಕೀಲ ಥರ್ಗುಡ್ ಮಾರ್ಷಲ್ ರಾಷ್ಟ್ರೀಯ ಚಾನೆಲ್‌ನಲ್ಲಿ ಮಾತಾಡುವಾಗ ಆ ಕೇಂದ್ರದವರು ಕೇಬಲ್ ತೊಂದರೆ ಅಂತ ಬೋರ್ಡು ತೋರಿಸಿಬಿಟ್ಟರು. ಕೇಬಲ್‌ಗೆ ಏನೂ ಆಗಿರಲಿಲ್ಲ. ಅಜ್ಜಿಯ ಮನೆಯಲ್ಲಿ ಇವತ್ತಿಗೂ ಯಾರಾದರೂ ಬೇಡದ ಮಾತನ್ನು ಕೇಳಿಸಿಕೊಳ್ಳದ ಹಾಗೆ ನಟಿಸಿದರೆ "ಕೇಬಲ್ ತೊಂದರೆ ಬಂತು" ಅಂತ ನಗುತ್ತಾರೆ. 1964ರಲ್ಲಿ ಆ ಕೇಂದ್ರದ ವಿರುದ್ಧ ಒಂದು ಚರ್ಚ್ ಸಂಸ್ಥೆ ಮತ್ತು ಊರಿನ ಕಪ್ಪು ಮುಖಂಡರು ಅರ್ಜಿ ಹಾಕಿದರು. ನೋಡುವವರಿಗೆ ಇದರಲ್ಲಿ ಮಾತಾಡುವ ಹಕ್ಕಿಲ್ಲ ಅಂತ ಎಫ್‌ಸಿಸಿ ಅಂದಿತು. 1966ರಲ್ಲಿ ಕೋರ್ಟು, ಇದೆ ಅಂದಿತು. ಅಲ್ಲಿಯ ತನಕ ರೇಡಿಯೊ ಟಿ.ವಿ. ಲೈಸೆನ್ಸ್ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ಸಾಮಾನ್ಯ ವೀಕ್ಷಕನಿಗೆ ಇರಲಿಲ್ಲ. ನಾನು, ಒಬ್ಬ ಮೈಸೂರಿನವನು, ನಿಮಗೆ ಹೀಗೆ ಪತ್ರ ಬರೆದು ಕೇಳುತ್ತಿದ್ದೇನಲ್ಲ, ಅದು ಅವರು ದುಡಿದಿಟ್ಟ ಆಸ್ತಿ.

ನಾವು ಇಲ್ಲಿಗೆ ಬಂದು ನೆಲೆಸಿದ್ದೂ ಅಷ್ಟೇ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಇಲ್ಲದಿದ್ದರೆ ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಇಷ್ಟೊಂದು ಎಲೆ ಹಾಕಬೇಕಾಗಿರಲಿಲ್ಲ. ಆ ಕಾನೂನು ಬಂದದ್ದು ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲೇ. ಆದರೂ ನಮ್ಮವರು ಮನೆ ಕೊಳ್ಳುವಾಗ ಕಪ್ಪು ಜನ ಇರುವ ಬೀದಿಯಾದರೆ "ಆ ಕಡೆ ಬೇಡ ಮಾರಾಯ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಇರೋದಿಲ್ಲ. ಇದು ಅಧ್ಯಕ್ಷರಿಗೆ ಸಂಬಂಧಪಟ್ಟದ್ದಲ್ಲ, ನಮ್ಮವರಿಗೇ ಹೇಳಿದ್ದು. ನಮ್ಮ ಮಕ್ಕಳು ಪಕ್ಕದ ಬೀದಿಯ ಚರಿತ್ರೆಯನ್ನು ಟಿ.ವಿ.ಯಲ್ಲಾದರೂ ಸಂಜೆ ಎಂಟಕ್ಕೆ ನೋಡಿದರೆ ಮುಂದೆ ಆ ಮಾತು ಆಡುವಾಗ ನಾಲಿಗೆ ಸ್ವಲ್ಪ ತಡೆಯಬಹುದು.

ಈಗ ದುಡ್ಡಿನ ವಿಷಯ. ನಿಮ್ಮ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಉತ್ತರ ಅದೊಂದೇ. 2025ರ ಜುಲೈನಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ ಎರಡು ವರ್ಷದ ಸುಮಾರು 110 ಕೋಟಿ ಡಾಲರ್ ಅನುದಾನ ವಾಪಸ್ ತೆಗೆದುಕೊಂಡಿತು. ಆ ಹಣ ಹಂಚುತ್ತಿದ್ದ ನಿಗಮವೇ ಬಾಗಿಲು ಹಾಕುವ ಹಾಗಾಯಿತು. ಇದು ದೊಡ್ಡ ಪೆಟ್ಟು, ಒಪ್ಪುತ್ತೇನೆ. ಆ ತಿಂಗಳು ನಾನೂ ನನ್ನ ಚಂದಾ ಜಾಸ್ತಿ ಮಾಡಿದೆ. ಆದರೆ ಸ್ವಾಮಿ, ಪೆಟ್ಟಿಗೆಗಳು ಬಾಯ್ಲರ್ ಪಕ್ಕ ಇದ್ದದ್ದು 2025ರಿಂದ ಅಲ್ಲ. ಶನಿವಾರದ ಬ್ಲೂಸ್ ನಿಂತದ್ದು ಅದಕ್ಕೆ ಎಷ್ಟೋ ಮುಂಚೆ. ಒಳ್ಳೆಯ ಸಾಕ್ಷ್ಯಚಿತ್ರವನ್ನು ಒಂದೂವರೆಯ ಬದಲು ಎಂಟಕ್ಕೆ ಹಾಕೋಕೆ ಎಷ್ಟು ಡಾಲರ್ ಬೇಕು?

ದುಡ್ಡಿಲ್ಲ ಅಂತ ಮುಂದಕ್ಕೆ ಹಾಕಿದರೆ ಏನಾಗುತ್ತೆ ಅನ್ನೋಕೆ 'ಐಸ್ ಆನ್ ದ ಪ್ರೈಜ್' ಸಾಕ್ಷಿ. ಹೆನ್ರಿ ಹ್ಯಾಂಪ್ಟನ್ ಅವರ ತಂಡ ಮಾಡಿದ್ದು. 1987ರಲ್ಲಿ ಆರು ಕಂತು, 1990ರಲ್ಲಿ ಎಂಟು. ಹಕ್ಕುಗಳ ಹೋರಾಟವನ್ನು ಅದರಲ್ಲಿ ಇದ್ದವರ ಬಾಯಿಂದಲೇ ಹೇಳಿಸಿದ ಸರಣಿ. ಆದರೆ ಅದರೊಳಗಿನ ಹಳೆಯ ಸುದ್ದಿಚಿತ್ರ, ಫೋಟೊ, ಹಾಡುಗಳ ಹಕ್ಕನ್ನು ಕೆಲವೇ ವರ್ಷಕ್ಕೆ ಕೊಂಡಿದ್ದರು. ಜಾಸ್ತಿ ವರ್ಷಕ್ಕೆ ಕೊಳ್ಳೋಕೆ ಕೈಯಲ್ಲಿ ಕಾಸಿರಲಿಲ್ಲ. 90ರ ದಶಕದ ನಡುವೆ ಅವಧಿ ಮುಗಿಯಿತು. ಟಿ.ವಿ.ಯಲ್ಲಿ ಹಾಕುವ ಹಾಗಿಲ್ಲ, ಹೊಸ ಪ್ರತಿ ಮಾರುವ ಹಾಗಿಲ್ಲ. ಶಾಲೆಗಳು ಸವೆದ ವಿಎಚ್‌ಎಸ್ ಟೇಪನ್ನೇ ಓಡಿಸುತ್ತಿದ್ದವು. ಕೊನೆಗೆ ಫೋರ್ಡ್ ಫೌಂಡೇಶನ್ ಮತ್ತು ಒಬ್ಬ ದಾನಿ ಸೇರಿ ಎಂಟೂವರೆ ಲಕ್ಷ ಡಾಲರ್ ಕೊಟ್ಟ ಮೇಲೆ 2006ರಲ್ಲಿ ಅದು ಮತ್ತೆ ಟಿ.ವಿ.ಗೆ ಬಂತು. ಹ್ಯಾಂಪ್ಟನ್ 1998ರಲ್ಲೇ ತೀರಿಕೊಂಡಿದ್ದರು.

ಅದು ಕಾಗದದ ತೊಡಕು, ದುಡ್ಡು ಬಂದ ಮೇಲೆ ಬಿಡಿಸಬಹುದಿತ್ತು. ನಿಮ್ಮ ನೆಲಮಾಳಿಗೆಯದು ಹಾಗಲ್ಲ. ಹಳೆಯ ಟೇಪಿನ ಮೇಲಿನ ಅಂಟು ತೇವ ಹೀರುತ್ತೆ. ಹಾಗೇ ಓಡಿಸಿದರೆ ಯಂತ್ರಕ್ಕೆ ಮೆತ್ತಿಕೊಂಡು ಕಿತ್ತು ಬರುತ್ತೆ. ಬಲ್ಲವರು ಅದನ್ನು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಹಪ್ಪಳ ಒಣಗಿಸಿದ ಹಾಗೆ ಒಣಗಿಸಿ, ಒಂದೆರಡು ಸಲ ಓಡಿಸಿ ನಕಲು ತೆಗೆದುಕೊಳ್ಳುತ್ತಾರೆ. ಇನ್ನೈದು ವರ್ಷ ಬಿಟ್ಟು ಕೋಟಿ ಡಾಲರ್ ತಂದರೂ ಉದುರಿದ ಟೇಪಿನಿಂದ ದನಿ ಬರೋದಿಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳುತ್ತೇನೆ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಿದ್ದರು. ಹೊರಡುವ ಮುಂಚೆ, ಮಾರ್ಚ್ 9ರಂದು, ಆಕಾಶವಾಣಿಯಲ್ಲಿ ಬೀಳ್ಕೊಡುಗೆಯ ಮಾತು ಆಡಿದರು. ಸುಮಾರು ಐವತ್ತು ವರ್ಷ ಆದ ಮೇಲೆ ಆ ಟೇಪು ಆಕಾಶವಾಣಿಯ ಸಂಗ್ರಹದಲ್ಲಿ ಸಿಕ್ಕಿತು. ನಮ್ಮ ಸರ್ಕಾರಿ ರೇಡಿಯೊ ಮೇಲೆ ನನಗೆ ನೂರು ತಕರಾರಿವೆ. ಆದರೂ ಯಾರೋ ಒಬ್ಬ ಗುಮಾಸ್ತ ಆ ಟೇಪನ್ನು ಬಾಯ್ಲರ್ ಪಕ್ಕ ಇಟ್ಟಿರಲಿಲ್ಲ ಅನ್ನೋದಕ್ಕೆ ಕೈಮುಗಿಯುತ್ತೇನೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೊದಲು ಆ ಪೆಟ್ಟಿಗೆಗಳನ್ನು ಮೇಲಕ್ಕೆ ತನ್ನಿ. ಈ ತಿಂಗಳೇ. ಒಣಗಿದ, ತಂಪಾದ ಒಂದು ಕೋಣೆ ಸಾಕು. ಎರಡನೇ ಮಹಡಿಯಲ್ಲಿ ಹಳೇ ಕುರ್ಚಿ ತುಂಬಿದ ಕೋಣೆ ಖಾಲಿ ಮಾಡಿದರೆ ಆಯಿತು, ಹೊರೋಕೆ ನಾವು ಬರುತ್ತೇವೆ. ಆಮೇಲೆ ಏನೇನಿದೆ ಅಂತ ಪಟ್ಟಿ ಮಾಡಿ ಊರಿಗೆ ತೋರಿಸಿ. ಬೆನ್ನಿನ ಮೇಲೆ ಹೆಸರು ಅಳಿಸಿರುವ ಟೇಪುಗಳಲ್ಲಿ ಯಾರಿದ್ದಾರೆ ಅಂತ ಹೇಳಬಲ್ಲವರು ಇನ್ನೂ ಬದುಕಿದ್ದಾರೆ. ಈ ದೇಶದ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಬಾಸ್ಟನ್‌ನ ಸಾರ್ವಜನಿಕ ಟಿ.ವಿ. ಕೇಂದ್ರ ಜಿಬಿಎಚ್ ಸೇರಿ ನಡೆಸುವ ಸಾರ್ವಜನಿಕ ಪ್ರಸಾರದ ಸಂಗ್ರಹ ಒಂದಿದೆ. 'ಸೇ ಬ್ರದರ್' ಕಂತುಗಳನ್ನು ನಾನು ನೋಡಿದ್ದು ಅಲ್ಲೇ, ಮನೆಯಲ್ಲಿ ಕೂತು, ಒಂದು ಪೈಸೆ ಕೊಡದೆ. ಅವರನ್ನು ಕೇಳಿ. ಡಿಜಿಟಲ್ ಮಾಡುವ ಖರ್ಚಿಗೆ ಬೇರೆಯೇ ಒಂದು ಚಂದಾ ಇಡಿ. ಕೊಟ್ಟವರಿಗೆ ಕೈಚೀಲ ಕೊಡಬೇಡಿ, ಅವರ ಚಂದಾದಿಂದ ಉಳಿದ ಟೇಪಿನ ಹೆಸರು ಕೊಡಿ. ಕ್ಷೌರದಂಗಡಿಯ ಟೇಪಿನ ಖರ್ಚನ್ನು ನಮ್ಮ ಮನೆಯ ಹೆಸರಿಗೆ ಬರೆದುಕೊಳ್ಳಿ.

ಕಾರ್ಯಕ್ರಮದ ಹೊತ್ತು ಬದಲಿಸಿ. ತಿಂಗಳಿಗೆ ಒಂದು ಸಂಜೆಯಾದರೂ, ವರ್ಷದ ಹನ್ನೆರಡು ತಿಂಗಳೂ. ಶನಿವಾರ ರಾತ್ರಿಯ ಒಂದು ಗಂಟೆ ರೇಡಿಯೊವನ್ನು ಈ ಊರಿನವರ ಕೈಗೆ ವಾಪಸ್ ಕೊಡಿ. ಕೊಡುವಾಗ ಮೇಲಿನ ಕುರ್ಚಿಯನ್ನೂ ಕೊಡಿ, ಸುಮ್ನೆ ಮೈಕು ಕೊಟ್ಟು ಕೂರಿಸಬೇಡಿ. 1968ರ ಜಗಳ ಮತ್ತೆ ಬೇಡ ಅಲ್ವಾ?

ಕೊನೆಯದು, ಸಲಹಾ ಮಂಡಳಿ. ಅನುದಾನ ಪಡೆಯುವ ಕೇಂದ್ರಗಳಿಗೆ ಊರಿನ ಜನರ ಸಲಹಾ ಮಂಡಳಿ ಇರಬೇಕು ಅನ್ನುವ ಷರತ್ತು ಇತ್ತು. ಅನುದಾನ ನಿಂತಿತು. ಷರತ್ತೂ ಹೋಯಿತು ಅಂತ ಮಂಡಳಿಯನ್ನು ನಿಲ್ಲಿಸುವ ಮಾತು ನಿಮ್ಮ ಕಾರಿಡಾರ್‌ನಲ್ಲಿ ನನ್ನ ಕಿವಿಗೆ ಬಿದ್ದಿದೆ. ದಯವಿಟ್ಟು ಬೇಡ. ಸರ್ಕಾರದ ಹಣ ಇಲ್ಲದ ಮೇಲೆ ನಿಮ್ಮನ್ನು ಸಾಕುವವರು ಈ ಊರಿನವರೇ. ಅವರನ್ನೇ ಹೊರಗಿಟ್ಟು ಯಾರಿಗೆ ಲೆಕ್ಕ ಕೊಡುತ್ತೀರಿ?

ನಿಮ್ಮ ಮುಂದಿನ ಸಭೆ ಸಾರ್ವಜನಿಕರಿಗೆ ತೆರೆದದ್ದು ಅಂತ ನೋಟಿಸಿನಲ್ಲಿ ಓದಿದೆ. ನಾನು ಬರುತ್ತೇನೆ. ಕನ್ನಡ ಕೂಟದಿಂದ ಆರೇಳು ಜನ ಬರುತ್ತಾರೆ. ಪಕ್ಕದ ಮನೆಯ ಅಜ್ಜಿಯೂ ಬರುತ್ತಾರೆ, ಚರ್ಚಿನ ಇನ್ನಿಬ್ಬರು ಹಿರಿಯರ ಜೊತೆ. ಅವರಿಗೆ ಮೂರು ಮಹಡಿ ಹತ್ತೋಕೆ ಆಗೋದಿಲ್ಲ. ನಿಮ್ಮ ಲಿಫ್ಟ್ ಜನವರಿಯಿಂದ ಕೆಟ್ಟಿದೆ. ಅಷ್ಟರೊಳಗೆ ಸರಿ ಮಾಡಿಸಿ, ಇಲ್ಲದಿದ್ದರೆ ಸಭೆಯನ್ನು ಕೆಳಗಿನ ಹಾಲ್‌ಗೆ ಇಳಿಸಿ.

ಇಂತಿ,
ನಿಮ್ಮ ಕೇಂದ್ರದ ಒಬ್ಬ ಸದಸ್ಯ, ಪೆಟ್ಟಿಗೆ ಹೊತ್ತವನು